ಬೆತ್ಲೆಹೇಮಿನ ಬೀದಿಯಲ್ಲಿ ಮೆಣಸಿನಕಾಯಿ

ಇತಿಹಾಸದ ಮೇಷ್ಟ್ರನ್ನು ಮದುವೆಗೆ ಕರೆಯಬಹುದು, ಗೃಹಪ್ರವೇಶಕ್ಕೆ ಕರೆಯಬಹುದು, ಮಿಕ್ಕಿದ ಹೋಳಿಗೆ ಖಾಲಿ ಮಾಡಲಿಕ್ಕೂ ಕರೆಯಬಹುದು. ಸಲಹೆ ಕೇಳಲಿಕ್ಕೆ ಮಾತ್ರ ಕರೆಯಬಾರದು. ಹುಣಸೂರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಇತಿಹಾಸ ಪಾಠ ಮಾಡುತ್ತಿರುವ ನಾನೇ ಇದನ್ನು ಹೇಳುತ್ತಿದ್ದೇನೆ, ನಂಬಿ. ನಮ್ಮ ಮನೆಯಲ್ಲಿ ಟೀವಿಯಲ್ಲಿ ಹಳೇ ಕಾಲದ ಧಾರಾವಾಹಿ ಶುರುವಾಗುವ ಹೊತ್ತಿಗೆ ಹೆಂಡತಿ ಸುಜಾತ ನನ್ನನ್ನು ಏನಾದರೂ ನೆಪ ಹೇಳಿ ಅಂಗಡಿಗೆ ಓಡಿಸುತ್ತಾಳೆ. ಒಮ್ಮೆ ಹೀಗೇ ಯಾವುದೋ ರಾಜಕುಮಾರಿ ಗೋಳೋ ಎಂದು ಅಳುತ್ತಿದ್ದಳು. ನಮ್ಮ ಅವ್ವ, ಸುಜಾತ, ಮಗಳು ಅನು ಮೂವರೂ ಅವಳ ಜೊತೆ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು, "ಅವಳ ಪಕ್ಕದ ತಟ್ಟೇಲಿ ಸೀಬೆಹಣ್ಣಿದೆ ನೋಡಿ, ಸೀಬೆ ನಮ್ಮ ದೇಶಕ್ಕೆ ಬಂದಿದ್ದೇ ಪೋರ್ಚುಗೀಸರ ಕಾಲಕ್ಕೆ" ಎಂದೆ. ಆಮೇಲೆ ನನಗೆ ಬಡಿಸಿದ ಸಾರಿಗೆ ಉಪ್ಪೇ ಇರಲಿಲ್ಲ.

ಇಂಥ ನನ್ನನ್ನು ನಮ್ಮ ಶಾಲೆಯ ಸ್ಟೆಲ್ಲಾ ಟೀಚರ್ ತಾವಾಗಿಯೇ ಕರೆದರು. ಕ್ರಿಸ್‌ಮಸ್ ಹಬ್ಬಕ್ಕೆ ಅವರ ಬೀದಿಯವರು ಒಂದು ದಿನದ ಮಟ್ಟಿಗೆ ಇಡೀ ಬೀದಿಯನ್ನು ಎರಡು ಸಾವಿರ ವರ್ಷದ ಹಿಂದಿನ ಬೆತ್ಲೆಹೇಮ್ ಮಾಡುತ್ತಾರೆ. ಗೋಣಿತಾಟಿನ ಅಂಗಡಿಗಳು, ಬಡಗಿ, ಕುರಿ ಕಾಯುವವರು, ಈಟಿ ಹಿಡಿದ ರೋಮನ್ ಸಿಪಾಯಿಗಳು, ಬೀದಿಯ ಕೊನೆಗೆ ದನದ ಕೊಟ್ಟಿಗೆ. ಪಕ್ಕದ ಬೀದಿಯವರೂ ಇದನ್ನೇ ಮಾಡುತ್ತಾರೆ. ಮೈಸೂರಿನಿಂದ ತೀರ್ಪುಗಾರರು ಬಂದು ಎರಡನ್ನೂ ನೋಡಿ ಒಂದಕ್ಕೆ ಷೀಲ್ಡ್ ಕೊಡುತ್ತಾರೆ. "ಮೂರು ವರ್ಷದಿಂದ ಷೀಲ್ಡ್ ಆ ಬೀದೀಲೇ ಕೂತದೆ ಸಾರ್. ಹೋದ್ಸಲ ನಮ್ಮ ಕುರಿ ಕಾಯೋನು ಮೊಬೈಲಲ್ಲಿ ಮಾತಾಡ್ಕಂಡು ನಿಂತ್‌ಬುಟ್ಟ, ಮಾರ್ಕ್ಸ್ ಹೋಯ್ತು. ಈ ಸಲಾನೂ ಸೋತ್ರೆ ನಾನು ಬೀದೀಲಿ ತಲೆ ಎತ್ತಂಗಿಲ್ಲ. ಆ ಕಾಲದ್ದಲ್ಲದ್ದು ಏನೂ ಇರ್ದಂಗೆ ನೀವೇ ನೋಡ್ಕಬೇಕು" ಎಂದರು ಸ್ಟೆಲ್ಲಾ ಟೀಚರ್. ನಾನೂ ಆ ಕಾಲದವನಂತೆ ಕಾಣಲೆಂದು ಕೈಗೊಂದು ಕೋಲು ಕೊಟ್ಟು, ಮೈಗೊಂದು ಕೆಂಪು ಕಂಬಳಿ ಹೊದಿಸಿ, ತಲೆಗೆ ಟವೆಲ್ ಸುತ್ತಿದರು. ನನ್ನ ಜೀವಮಾನದಲ್ಲೇ ಯಾರೂ ನನಗೆ ಇಷ್ಟು ದೊಡ್ಡ ಅಧಿಕಾರ ಕೊಟ್ಟಿರಲಿಲ್ಲ. ಕನ್ನಡಿ ನೋಡಿಕೊಂಡು ಎರಡು ಸಲ ಕೋಲು ಕುಟ್ಟಿದೆ.

ಮಧ್ಯಾಹ್ನ ಮೂರಕ್ಕೇ ಸಂಸಾರ ಸಮೇತ ಬೀದಿಗಿಳಿದೆ. ವಾಚುಗಳನ್ನು ಬಿಚ್ಚಿಸಿದೆ, ಪ್ಲಾಸ್ಟಿಕ್ ಕುರ್ಚಿಗಳನ್ನು ಒಳಗೆ ಹಾಕಿಸಿದೆ. ಅಷ್ಟಕ್ಕೇ ನಿಂತಿದ್ದರೆ ನಾನು ಮನುಷ್ಯನಾಗಿರುತ್ತಿದ್ದೆ. ಆದರೆ ತಿಂಡಿ ಅಂಗಡಿ ಹಾಕಿದ್ದ ರೋಜಮ್ಮನವರ ಬಾಣಲೆಯಲ್ಲಿ ಮೆಣಸಿನಕಾಯಿ ಬಜ್ಜಿ ಬೇಯುತ್ತಿತ್ತು. "ಮೆಣಸಿನಕಾಯಿ ಬೆತ್ಲೆಹೇಮಲ್ಲಿ ಇರಲಿಲ್ಲ, ನಮ್ಮ ದೇಶಕ್ಕೂ ಬಂದು ಐನೂರು ವರ್ಷ ಆಗಿದೆ ಅಷ್ಟೆ, ತೆಗೀರಿ" ಎಂದೆ. ರೋಜಮ್ಮ ಸೌಟು ಹಿಡಿದೇ, "ಅಂಗಾರೆ ಆಲೂಗೆಡ್ಡೆ ಬೋಂಡ ಮಾಡ್ಲಾ?" ಎಂದರು. ಅದೂ ಇರಲಿಲ್ಲ. ಟೊಮೆಟೊ ಚಟ್ನಿ? ಇಲ್ಲ. ಕಡ್ಲೆಕಾಯಿ? ಅಯ್ಯೋ, ಅದೂ ಇಲ್ಲ. "ಆ ಕಾಲದ ಜನ ಏನ್ ತಿಂದ್ಕಂಡ್ ಬದುಕಿದ್ರು ಮೇಷ್ಟ್ರೇ, ಗಾಳಿನಾ?" ಎಂದು ಅವರು ಕೇಳಿದ್ದಕ್ಕೆ ಅಂಜೂರ, ಖರ್ಜೂರ ಎಂದೆ. ಕುರಿ ಕಾಯುವ ವೇಷದ ಮುದುಕರೊಬ್ಬರ ದವಡೆಯಿಂದ ಹೊಗೆಸೊಪ್ಪನ್ನೂ ಉಗುಳಿಸಿದೆ. ಅವರು ಎಂಟು ಎಕರೆ ಹೊಗೆಸೊಪ್ಪು ಬೆಳೆಯುವವರಂತೆ! ಹುಣಸೂರಿನ ನೆಲದ ಮೇಲೆ ನಿಂತು ಹೊಗೆಸೊಪ್ಪು ನಿಷೇಧಿಸಿದ ಮೊದಲ ಮನುಷ್ಯ ನಾನೇ ಇರಬೇಕು. ಕೊನೆಗೆ ಅನು ಕದ್ದು ತಿನ್ನುತ್ತಿದ್ದ ಬಜ್ಜಿಯನ್ನೂ ಕೈಯಿಂದ ಕಿತ್ತುಕೊಂಡೆ. ಅವಳು ಭೋರೆಂದು ಅತ್ತಳು. ಸುಜಾತ ನನ್ನನ್ನು ಮೇಲಿಂದ ಕೆಳಗೆ ನೋಡಿ ಅವಳ ಕಣ್ಣೊರೆಸಿದಳು. ನಾನು ರೋಜಮ್ಮನವರ ಒಣಮೆಣಸಿನಕಾಯಿ ಸಮೇತ ಎಲ್ಲವನ್ನೂ ಒಂದು ಬುಟ್ಟಿಗೆ ತುಂಬಿ ಕೊಟ್ಟಿಗೆಯ ಹಿಂದೆ ಅಡಗಿಸಿಟ್ಟೆ.

ಆ ಕೊಟ್ಟಿಗೆಯಲ್ಲಿ ಏಸುವಿನ ತಾಯಿ ಮರಿಯಮ್ಮನಾಗಿ ಕೂತಿದ್ದವಳು ಸ್ಟೆಲ್ಲಾ ಟೀಚರ್ ತಂಗಿಯ ಮಗಳು. ನಿಜವಾದ ಬಾಣಂತಿ, ತೊಡೆಯ ಮೇಲೆ ಎರಡು ತಿಂಗಳ ನಿಜವಾದ ಕೂಸು. ಡಿಸೆಂಬರಿನ ಗಾಳಿ ಸುಯ್ ಎನ್ನುತ್ತಿತ್ತು. ನಮ್ಮ ಅವ್ವ ಕಂಪಲಾಪುರದವಳು, ಅರ್ಧ ಊರಿಗೆ ಬಾಣಂತನ ಮಾಡಿದವಳು. ಕೈ ಮುಗಿದು ಮುಂದೆ ಹೋಗುತ್ತಾಳೆ ಎಂದುಕೊಂಡರೆ ಅಡ್ಡ ಕಟ್ಟಿದ್ದ ಹಗ್ಗ ದಾಟಿ ಒಳಗೇ ನುಗ್ಗಿದಳು. "ಏನಪ್ಪಾ, ಹಸಿ ಬಾಣಂತೀನ ಇಂಗೆ ಗಾಳೀಗೆ ಕೂರ್ಸಿದ್ದೀಯಲ್ಲ, ನಿಮ್ಮನೇಲಿ ದೊಡ್ಡೋರು ಯಾರೂ ಇಲ್ವಾ?" ಎಂದು ಜೋಸೆಫನ ವೇಷದಲ್ಲಿದ್ದ ಅವಳ ಗಂಡನನ್ನೇ ತರಾಟೆಗೆ ತೆಗೆದುಕೊಂಡಳು. ಅವನು ಪಾತ್ರ ಮರೆತು "ಅತ್ತೆ ಅವ್ರೆ ಕಣಜ್ಜಿ" ಎಂದುಬಿಟ್ಟ. ಅವ್ವ ತನ್ನ ಶಾಲಿನಿಂದ ಆ ಹುಡುಗಿಯ ಕಿವಿ ಮುಚ್ಚಿ ಕಟ್ಟಿದಳು, ಅವಳದೇ ಚೀಲದಿಂದ ಉಣ್ಣೆ ಕುಲಾವಿ ತೆಗೆದು ಕೂಸಿನ ತಲೆಗೆ ಹಾಕಿದಳು. ಕುಲಾವಿಯೋ, ಗಿಳಿ ಹಸಿರು! ನಾನು ಓಡಿಬಂದೆ.

"ಅವ್ವ, ಇದು ನಾಟಕ. ಷೀಲ್ಡ್ ಹೋಗುತ್ತೆ, ತೆಗಿ!"

"ನಾಟಕ ಸುಳ್ಳು ಕಣ್ಲಾ. ಕೂಸು ನಿಜ ತಾನೆ? ಇಷ್ಟು ಜನ ನೋಡಿ ಮಗೀಗೆ ದೃಷ್ಟಿ ಆಗೈತೆ. ನಾಕು ಒಣಮೆಣಸಿನಕಾಯಿ ಕೊಡು, ತೆಗೆದಾಕ್ತೀನಿ."

ಮೆಣಸಿನಕಾಯಿ ಈ ಬೀದಿಯಲ್ಲಿ ಇರಕೂಡದು, ಎರಡು ಸಾವಿರ ವರ್ಷದ ಹಿಂದೆ ಅದು ಇರಲೇ ಇಲ್ಲ ಎಂದು ಕೋಲು ಕುಟ್ಟಿ ಹೇಳಿದೆ. ಅವ್ವ ಸೊಂಟದ ಮೇಲೆ ಕೈಯಿಟ್ಟಳು. "ಅಂಗಾರೆ ಆವಾಗ ಮಕ್ಳಿಗೆ ದೃಷ್ಟಿನೇ ಆಗ್ತಿರ್ನಿಲ್ವೇನ್ಲಾ?"

ಇಪ್ಪತ್ತೆರಡು ವರ್ಷದ ಪಾಠದಲ್ಲಿ ಯಾವ ಮಗುವೂ ನನ್ನನ್ನು ಇಂಥ ಪ್ರಶ್ನೆ ಕೇಳಿರಲಿಲ್ಲ. ನಾನು ತಲೆಯ ಟವೆಲ್ ಸರಿಮಾಡಿಕೊಳ್ಳುವಷ್ಟರಲ್ಲಿ ರೋಜಮ್ಮ ನಾನು ಬಚ್ಚಿಟ್ಟ ಬುಟ್ಟಿಯನ್ನು ಹುಡುಕಿ ತಂದರು. ಅವ್ವ ಒಂದು ಹಿಡಿ ಒಣಮೆಣಸಿನಕಾಯಿ ತೆಗೆದು ಕೂಸಿಗೆ ಮೂರು ಸುತ್ತು ನಿವಾಳಿಸಿ, ಕುರಿ ಕಾಯುವವರು ದೂರದಲ್ಲಿ ಹಾಕಿದ್ದ ಬೆಂಕಿಗೆ ಎಸೆದಳು. ಗಾಳಿ ನೇರ ಬೀದಿಗೇ ತಿರುಗಿತು. ಅಯ್ಯಪ್ಪಾ! ಕೂಸಿಗೆ ಕಾಣಿಕೆ ಹಿಡಿದು ನಿಂತಿದ್ದ ಮೂವರು ಜ್ಞಾನಿಗಳು ಕೆಮ್ಮಿದರು, ರೋಮನ್ ಸೈನ್ಯ ಈಟಿ ಬಿಸಾಕಿ ಮೂಗು ಮುಚ್ಚಿಕೊಂಡು ಓಡಿತು, ದೇವದೂತ ಏಣಿಯ ಮೇಲೆ ಎಡೆಬಿಡದೆ ಸೀನಿದ. "ಘಾಟು ಬಂತಲ್ಲವ್ವ, ಅಂದ್ರೆ ದೃಷ್ಟಿನೇ ಆಗಿರ್ನಿಲ್ಲ" ಎಂದರು ರೋಜಮ್ಮ ಕಣ್ಣೊರೆಸಿಕೊಳ್ಳುತ್ತ. "ಒಳ್ಳೇದೇ ಆಯ್ತು ಬುಡು" ಎಂದಳು ಅವ್ವ. ಅಷ್ಟು ಗಲಾಟೆಯಲ್ಲೂ ಶಾಲಿನೊಳಗೆ ಬೆಚ್ಚಗೆ ಮಲಗಿದ್ದ ಕೂಸು ನಕ್ಕಿತು.

ಸ್ಟೆಲ್ಲಾ ಟೀಚರ್ ಅಳುಮುಖ ಮಾಡಿಕೊಂಡು ಬಂದು, ಅಲ್ಲಿ ಕರ್ಚೀಫು ಹಿಡಿದು ಕೆಮ್ಮುತ್ತಿರುವ ಇಬ್ಬರೇ ತೀರ್ಪುಗಾರರೆಂದೂ, ಅವರು ಪಕ್ಕದ ಬೀದಿ ಮುಗಿಸಿಕೊಂಡು ಬಂದು ಮೂರು ಗಂಟೆಯಿಂದಲೂ ಜನರ ನಡುವೆಯೇ ಓಡಾಡುತ್ತಿದ್ದರೆಂದೂ ನನ್ನ ಕಿವಿಯಲ್ಲಿ ಹೇಳಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನನ್ನನ್ನು ನಂಬಿದ್ದ ಹೆಂಗಸು, ಪಾಪ.

ಆರು ಗಂಟೆಗೆ ತೀರ್ಪುಗಾರರಲ್ಲಿ ಹಿರಿಯರು ಮೈಕ್ ಹಿಡಿದರು. ಷೀಲ್ಡ್ ನಮ್ಮ ಬೀದಿಗೇ ಎಂದರು! ಸ್ಟೆಲ್ಲಾ ಟೀಚರ್ ಕುಣಿದೇಬಿಟ್ಟರು, ನಾನು ಕಂಬಳಿ ಕೊಡವಿಕೊಂಡೆ. ಅಷ್ಟರಲ್ಲಿ ಅವರು ಕಾರಣ ಹೇಳತೊಡಗಿದರು. "ಬಾಣಂತಿಯನ್ನು ಉಪಚರಿಸಿದ ಅಜ್ಜಿಯ ಪಾತ್ರ ಕರುಳು ಹಿಂಡಿತು. ಆದರೆ ನಮ್ಮನ್ನು ನಡುಗಿಸಿದ್ದು ಆ ರೋಮನ್ ಅಧಿಕಾರಿ. ಬಡವರ ಅನ್ನ ಕಿತ್ತುಕೊಂಡು, ಮುದುಕರನ್ನು ಗದರಿಸಿ, ಮಗುವಿನ ಕೈಯ ತಿಂಡಿಯನ್ನೂ ಬಿಡದೆ ಕಸಿದ ಆ ಕಲ್ಲೆದೆಯ ಕೆಂಪು ಕಂಬಳಿಯವರು ದಯವಿಟ್ಟು ಮೇಲೆ ಬರಬೇಕು. ಎಷ್ಟು ಸಹಜ ಅಭಿನಯ!"

ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ಹೊಗೆಸೊಪ್ಪಿನ ಮುದುಕರು ಶಿಳ್ಳೆಯನ್ನೂ ಹಾಕಿದರು. ನಾನೇನು ಮಾಡಲಿ? ಮೇಲೆ ಹೋಗಿ ನಮಸ್ಕಾರ ಮಾಡಿ ಷೀಲ್ಡ್ ಹಿಡಿದುಕೊಂಡೆ. ಹಿರಿಯರು ನನ್ನ ಬೆನ್ನು ತಟ್ಟಿ, "ಎಷ್ಟು ದಿನದಿಂದ ಅಭ್ಯಾಸ ಮಾಡ್ತಿದ್ರಿ ಸಾರ್?" ಎಂದು ಮೈಕಿನಲ್ಲೇ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಸುಜಾತ ಕೆಳಗಿನಿಂದ ಕೂಗಿದಳು: "ಮದ್ವೆ ಆದಾಗಿಂದ್ಲೂ ಮಾಡ್ತಾವ್ರೆ ಸಾರ್!"