ಅಣ್ಣನ ಬದಲಿಗೆ ಬಂದ ಕುಕ್ಕರಿಗೆ

ಕೊಟ್ಟೂರು,
ಪಂಚಮಿಯ ಮರುದಿನ, ೨೦೦೩

ಮಾನ್ಯ ಐದು ಲೀಟರ್ ಪ್ರೆಶರ್ ಕುಕ್ಕರ್ ಅವರ ಸನ್ನಿಧಿಗೆ,

ಮಾನ್ಯರೇ,

ಕೊಟ್ಟೂರಿನ ಮಂಡಕ್ಕಿ ಬಟ್ಟಿಯ ಗುರುಸಂಗಪ್ಪನಾದ ನಾನು, ತಾವು ನಮ್ಮ ಅಡಿಗೆಮನೆಯ ಕಟ್ಟೆಯ ಮೇಲೆ ಥಳಥಳಿಸುತ್ತ ವಿರಾಜಮಾನರಾಗಿರುವಾಗ, ಪಕ್ಕದ ಪಡಸಾಲೆಯಲ್ಲಿ ಕುಳಿತು ಸಕಲ ಮರ್ಯಾದೆಗಳೊಂದಿಗೆ ಮಾಡಿಕೊಳ್ಳುವ ಅರಿಕೆ. ಮನೆಯೊಳಗಿನ ಮಾತನ್ನು ಬಹಿರಂಗವಾಗಿ ಬರೆಯುವುದೇಕೆಂದು ತಾವು ಕೇಳಬಹುದು. ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿಗಳ ಕಡೆ ತಮ್ಮ ಒಡಹುಟ್ಟಿದವರು ಈ ಶ್ರಾವಣದಲ್ಲಿ ಇನ್ನೆಷ್ಟು ಮನೆಗಳಿಗೆ ಅಣ್ಣತಮ್ಮಂದಿರಾಗಿ ಹೋಗಿದ್ದಾರೋ ತಿಳಿಯದ್ದರಿಂದ, ಒಂದೇ ಪತ್ರ ಎಲ್ಲರಿಗೂ ಮುಟ್ಟಲಿ ಎಂಬುದು ವ್ಯಾಪಾರಿಯ ಉಳಿತಾಯ ಬುದ್ಧಿ, ಅಷ್ಟೆ.

ತಾವು ಕಾರ್ಖಾನೆಯಲ್ಲಿ ಹುಟ್ಟಿದವರಾದ್ದರಿಂದ ನಮ್ಮ ಕಡೆಯ ಪದ್ಧತಿ ತಮಗೆ ತಿಳಿದಿರಲಾರದು. ಪಂಚಮಿಗೆ ಹೆಣ್ಣುಮಗಳು ತವರಿಗೆ ತಾನಾಗಿ ಹೋಗುವುದಿಲ್ಲ. ಅಣ್ಣನೋ ತಮ್ಮನೋ ಬಂದು, ಜಗಲಿಯ ಮೇಲೆ ಕುಳಿತು, ನೀರು ಕುಡಿದು, 'ತಂಗೀನ ಕರ್ಕೊಂಡು ಹೋಗಾಕ ಬಂದೀನ್ರಿ' ಎಂದು ಬಾಯಿಬಿಟ್ಟು ಹೇಳಬೇಕು. ಕರೆಯದೆ ಹೋದವಳನ್ನು ಊರವರು ಯಾವಾಗ ಬಂದೆ ಎಂದು ಕೇಳುವುದಿಲ್ಲ, ಯಾವಾಗ ಹೋಗುತ್ತೀ ಎಂದು ಕೇಳುತ್ತಾರೆ. ನನ್ನ ಹೆಂಡತಿ ಅನ್ನದಾನಮ್ಮನ ತವರು ಚಿಗಟೇರಿ, ಒಂದು ಬಸ್ಸು ಹತ್ತಿದರೆ ಮುಟ್ಟುವ ಊರು. ಇಲ್ಲಿ ಆಕೆ ಬಟ್ಟಿಯ ಸಾವ್ಕಾರ್ತಿ, ಕೆಲಸದವರಿಗೆ ಅಕ್ಕಾರು, ಇಬ್ಬರು ಸೊಸೆಯರಿಗೆ ಅತ್ತೆ. ಚಿಗಟೇರಿಯ ಬೇವಿನಮರದ ಜೋಕಾಲಿಯ ಮೇಲೆ ಮಾತ್ರ, ವರ್ಷಕ್ಕೊಮ್ಮೆ, ಬರೀ 'ಅನ್ನಿ'. ಆ ಹೆಸರು ಹಿಡಿದು ಕೂಗುವವರು ಆಕೆಗೆ ಬೇರೆಲ್ಲೂ ಇಲ್ಲ. ನಾನೇ ಒಮ್ಮೆ ಕೂಗಿ ನೋಡಿದೆ; ಮತ್ಯಾರನ್ನೋ ಕರೆದೆನೆಂದು ಹಿಂದೆ ತಿರುಗಿ ನೋಡಿದಳು.

ಹೀಗಿರಲಾಗಿ ಹಬ್ಬದ ಹಿಂದಿನ ದಿನ ಬಟ್ಟೆಯ ಚೀಲ ತುಂಬಿ, ಶೇಂಗಾ ಉಂಡಿಯ ಡಬ್ಬಿಯನ್ನು ಬಾಗಿಲ ಬಳಿ ಇಟ್ಟುಕೊಂಡು ಕುಳಿತವಳ ಮುಂದೆ ಒಂದು ಟೆಂಪೊ ನಿಂತಿತು. 'ಅಕ್ಕಾರ, ನಿಮ್ಮ ತವರಿಂದ ಬಂದೈತಿ, ಇಳಿಸ್ಕಳ್ರಿ' ಎಂದ ಟೆಂಪೊದವನು. ಆತ ಚಾಚಿದ ರಟ್ಟಿನ ಪೆಟ್ಟಿಗೆಯ ಕಡೆ ನೋಡದೆ ಆಕೆ ಟೆಂಪೊದ ಹಿಂಭಾಗಕ್ಕೆ ನಡೆದಳು, ಅಣ್ಣ ಅಲ್ಲಿಂದ ಇಳಿಯುತ್ತಿರಬಹುದೆಂದು. ಅಲ್ಲಿ ರಟ್ಟಿನ ಪೆಟ್ಟಿಗೆಗಳೊಳಗೆ ಸಾಲಾಗಿ ಕುಳಿತಿದ್ದವರು ತಮ್ಮ ಬಂಧುಗಳು. ಎದುರುಮನೆಯ ಚೌಡಕ್ಕ ಇಂಥ ಹೊತ್ತಿಗೆ ಸುಮ್ಮನಿರುವ ಪೈಕಿಯಲ್ಲ. 'ಯವ್ವಾ ಅನ್ನದಾನವ್ವಾ, ನಿಮ್ಮಣ್ಣ ಈ ವರ್ಷ ಭಾಳ ಗಿಡ್ಡ ಆಗ್ಯಾನಲ್ಲ!' ಎಂದಳು. ಇಡೀ ಓಣಿ ನಕ್ಕಿತು; ನನ್ನ ಹೆಂಡತಿಯೂ ನಕ್ಕಳು, ನಗದಿದ್ದರೆ ಇನ್ನಷ್ಟು ನಗುತ್ತಾರೆಂದು.

ವಿಚಾರಿಸಲಾಗಿ ತಿಳಿದದ್ದಿಷ್ಟು. ಆಕೆಯ ಅಣ್ಣ, ನನ್ನ ಭಾವನವರಾದ ಗುರುಬಸವರಾಜ ಅವರು ಅಂಗಡಿಯೊಂದರ ಹಬ್ಬದ ಯೋಜನೆಯಲ್ಲಿ ಕಲರ್ ಟಿ.ವಿ. ಕೊಂಡಿದ್ದಾರೆ. ಟಿ.ವಿ. ಕೊಂಡವನ ಮನೆಗೆ, ಕುಕ್ಕರ್ ಅವನ ಅಕ್ಕತಂಗಿಯ ಮನೆಗೆ, ಸಾಗಣೆ ಅಂಗಡಿಯದೇ. ಅಂಗಡಿಯ ಹೆಸರು ಬರೆಯಲಾರೆ, ಹಬ್ಬದಲ್ಲಿ ಒಬ್ಬರ ಗಿರಾಕಿ ಕೆಡಿಸಿದ ಪಾಪ ನನಗೆ ಬೇಡ. ಆದರೆ ತಮ್ಮ ಪೆಟ್ಟಿಗೆಯ ಮೇಲೆ 'ತವರಿನ ಪ್ರೀತಿ' ಎಂದು ಸಣ್ಣಗೆ, ಅದರ ಕೆಳಗೆ 'ಉಚಿತ' ಎಂದು ಅಂಗೈ ಅಗಲದ ಅಕ್ಷರದಲ್ಲಿ ಅಚ್ಚು ಹಾಕಿಸಿದವರ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು. ಫೋನು ಮಾಡಿದರೆ ಭಾವನವರು, 'ಕುಕ್ಕರ್ ಮುಟ್ಟಿತಲ್ರಿ, ಮತ್ತ ನಾ ಬಂದು ಏನು ಮಾಡ್ಲಿ? ಇಲ್ಲಿ ಟಿ.ವಿ. ಕೂಡ್ಸಾಕ ಮಂದಿ ಬಂದಾರ' ಎಂದರು.

ತಮ್ಮಲ್ಲಿ ಯಾವ ದೋಷವೂ ಇಲ್ಲವೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಬೀಗರ ಮನೆಗೆ ಬಂದವರು ಊಟಕ್ಕೆ ಕಾಯುತ್ತಾರೆ, ತಾವು ಬಂದ ದಿನವೇ ಬೇಳೆ ಬೇಯಿಸಿಕೊಟ್ಟಿರಿ. ಭಾವನವರು ಏನು ಕೇಳಿದರೂ ಹೂಂ ಎನ್ನುತ್ತಾರೆ, ತಾವು ಓಣಿಯ ತುದಿಗೆ ಕೇಳುವಂತೆ ಸೀಟಿ ಹೊಡೆಯುತ್ತೀರಿ. ಇಷ್ಟು ಯೋಗ್ಯರಾದ ತಾವು ಅಣ್ಣನ ಜಾಗಕ್ಕೆ ಬಂದ ಮೇಲೆ ಅಣ್ಣನ ಮಿಕ್ಕ ಕೆಲಸಗಳನ್ನೂ ವಹಿಸಿಕೊಳ್ಳುವುದು ನ್ಯಾಯ. ಮುಂದಿನ ಪಂಚಮಿಗೆ ದಯಮಾಡಿ ಆಕೆಯನ್ನು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂಡಿಸಿ, ಚೀಲ ತಾವು ಹಿಡಿದುಕೊಂಡು ಚಿಗಟೇರಿಗೆ ಕರೆದೊಯ್ಯಿರಿ. ಆಕೆಯ ಕಾಲು ಬೇವಿನ ಟೊಂಗೆಗೆ ತಾಗುವವರೆಗೆ ಜೋಕಾಲಿ ಜೀಕಿರಿ. ಆಕೆ ನನ್ನ ಮೇಲೆ ಹೇಳುವ ದೂರುಗಳನ್ನು ಮುಚ್ಚಳ ಹಾರಿಸದೆ ಕೇಳಿರಿ. ಇನ್ನೊಂದುಂಟು. ಪ್ರತಿವರ್ಷ ತಂಗಿಯನ್ನು ಮರಳಿ ಬಿಟ್ಟುಹೋಗುವಾಗ ಭಾವನವರು ಹೊಸ್ತಿಲಲ್ಲಿ ನಿಂತು, 'ನಮ್ಮ ತಂಗೀನ ಬಟ್ಟಿ ಹೊಗಿಯಾಗ ಭಾಳ ಕೂಡ್ರಸಬ್ಯಾಡ್ರಿ' ಎಂದು ನನ್ನನ್ನು ಗದರಿಸುತ್ತಿದ್ದರು. ಹಾಗೆ ಗದರಿಸುವವನೊಬ್ಬ ಇದ್ದಾನೆಂಬುದೇ ಆಕೆಗೆ ಇದ್ದ ಆಸ್ತಿ. ತಾವು ಬೇಳೆ ಬೆಂದಾಗ ಕೂಗುತ್ತೀರಿ ಸರಿ, ಆಕೆ ಬೆಂದಾಗಲೂ ಕೂಗುವ ಏರ್ಪಾಡು ತಮ್ಮಲ್ಲಿದೆಯೆ?

ಪಂಚಮಿಯ ದಿನ ನಡೆದದ್ದಕ್ಕೆ ತಾವೇ ಸಾಕ್ಷಿ. ಆಕೆ ಹಾಲಿನ ಗಿಂಡಿ ಹಿಡಿದು ನಾಗಪ್ಪನ ಕಟ್ಟೆಗೆ ಹೊರಟಿದ್ದಳು. ಅಂಗಳದಲ್ಲಿ 'ಅನ್ನೀ' ಎಂಬ ಕೂಗು. ಆಕೆ ತಿರುಗಿದ ರಭಸಕ್ಕೆ ಹಾಲು ತುಳುಕಿತು. ಬೆವರಿಳಿಸುತ್ತ ನಿಂತಿದ್ದ ಗುರುಬಸವರಾಜ ಅವರು ನೀರು ಕುಡಿಯಲಿಲ್ಲ, ಕುಳಿತುಕೊಳ್ಳಲಿಲ್ಲ. 'ಪೆಟ್ಟಿಗಿ ಎಲ್ಲೈತಿ? ಅದರಾಗ ಕೂಪನ್ ಐತಂತ, ಇವತ್ತು ಸಂಜಿಗೆ ಡ್ರಾ ಐತಿ' ಎಂದರು. ಆಕೆ ಗಿಂಡಿ ಕೆಳಗಿಟ್ಟು, ತಮ್ಮ ಖಾಲಿ ಪೆಟ್ಟಿಗೆಯ ತಳದಲ್ಲಿ ಕೈಯಾಡಿಸಿ, ಚೀಟಿ ತಂದುಕೊಟ್ಟಳು. ಅಂಗಳ ದಾಟುವಾಗ ಭಾವನವರಿಗೆ ನೆನಪಾಯಿತು. 'ಬರೂದಿದ್ರ ಬಾ ಮತ್ತ, ಬಸ್ ನಿಂತೈತಿ.'

'ನೀ ಕೂಪನ್ ಕರಿಯಾಕ ಬಂದೀಯಣ್ಣ' ಎಂದಳು ಆಕೆ, ನಗುತ್ತಲೇ. 'ಅದನ್ನ ಹುಷಾರಾಗಿ ಕರ್ಕೊಂಡು ಹೋಗು.'

ಕಟ್ಟೆಯವರೆಗೆ ನಾನೂ ಜೊತೆಗೆ ಹೋದೆ. ಮನೆಯವರ ಒಬ್ಬೊಬ್ಬರ ಹೆಸರಿನಲ್ಲೂ ಹಾಲೆರೆಯುವುದು ನಮ್ಮ ರೂಢಿ. ಅಪ್ಪನ ಪಾಲು, ಅವ್ವನ ಪಾಲು ಎಂದು ಎರೆಯುತ್ತ ಬಂದವಳು ನಿಂತಳು. ಬಸ್‌ಸ್ಟ್ಯಾಂಡಿನ ಕಡೆಯಿಂದ ಹಾರನ್ ಕೇಳಿಸಿತು, ಬಸ್ಸು ಹೊರಟಿತು. ಆಮೇಲೆ 'ಅಣ್ಣನ ಪಾಲು' ಎಂದು, ಉಳಿದವರಿಗಿಂತ ತುಸು ಹೆಚ್ಚೇ ಎರೆದಳು.

ತಮ್ಮ ಹೆಸರಿನಲ್ಲಿ ಎರೆಯಲಿಲ್ಲ. ಅದಕ್ಕೆ ಮನ್ನಿಸಬೇಕು.

ಹಬ್ಬ ಮುಗಿದರೂ ಉಂಡಿ ಮುಗಿಯದ ಮನೆಯಿಂದ,
ತಮ್ಮ ವಿಶ್ವಾಸಿ,
ಗುರುಸಂಗಪ್ಪ
ಮಂಡಕ್ಕಿ ಬಟ್ಟಿ, ಕೊಟ್ಟೂರು

ತಾ.ಕ.: ಅದೇ ಅಂಗಡಿಯವರು ದೀಪಾವಳಿಗೆ ಅಳಿಯಂದಿರ ಯೋಜನೆ ಹೊರಡಿಸುತ್ತಾರೆಂದು ಸುದ್ದಿ. ಚಿಗಟೇರಿಯ ಹಬ್ಬಕ್ಕೆ ಈ ಸಲ ನನ್ನ ಬದಲು ಒಂದು ಇಸ್ತ್ರಿ ಪೆಟ್ಟಿಗೆಯನ್ನು ಕಳಿಸುವವನಿದ್ದೇನೆ. ಅಳಿಯನೆಂದು ಅದರ ಕಾಲಿಗೆ ನೀರು ಕೊಡುವ ಮುನ್ನ ಪ್ಲಗ್ ತೆಗೆದಿದೆಯೇ ನೋಡಿಕೊಳ್ಳಬೇಕೆಂದು ಭಾವನವರಿಗೆ ತಾವೇ ಒಂದು ಸೀಟಿ ಹೊಡೆದು ತಿಳಿಸುವುದು.