ಲೆನ್ಸು ಕೆಲಸದಲ್ಲಿದೆ

ನಮ್ಮ ಸೋದರಮಾವನಷ್ಟು ದೊಡ್ಡ ಛಾಯಾಗ್ರಾಹಕ ಪಾಂಡವಪುರದಲ್ಲಿ ಇನ್ನೊಬ್ಬನಿರಲಿಲ್ಲ. ಒಂದೇ ಒಂದು ಕೊರತೆಯೆಂದರೆ ಅವನ ಹತ್ತಿರ ಕ್ಯಾಮೆರಾ ಇರಲಿಲ್ಲ! ಇದ್ದದ್ದು ಲೆನ್ಸು ಮಾತ್ರ. ಮೊಳದುದ್ದದ್ದು, ದೂರದ ಹಕ್ಕಿಯನ್ನು ಹತ್ತಿರಕ್ಕೆ ಎಳೆದು ತರುವಂಥದ್ದು. ಮೈಸೂರಿನಲ್ಲಿ ಮುಚ್ಚುತ್ತಿದ್ದ ಸ್ಟುಡಿಯೋ ಒಂದರಲ್ಲಿ ಅದನ್ನು ಕಂಡು, ಮನಸೋತು ತಂದುಬಿಟ್ಟಿದ್ದ. ಕ್ಯಾಮೆರಾ ಇಲ್ಲದೆ ಇದೇನು ಮಾವ ಎಂದು ಕೇಳಿದರೆ, ಬಾಗಿಲು ಮಾಡುವ ಮರಗೆಲಸದ ಆಚಾರಿಯಲ್ಲವೇ, ಉತ್ತರ ಸಿದ್ಧವಾಗಿತ್ತು.

"ಮನೆ ಕಟ್ಟೋವಾಗ ಮೊದ್ಲು ಬಾಗ್ಲು ನಿಲ್ಸಾಕಿಲ್ವೇನ್ಲಾ? ಗೋಡೆ ಆಮ್ಯಾಕೆ!"

ಎಂಟು ವರ್ಷವಾದರೂ ಆ ಗೋಡೆ ಏಳಲಿಲ್ಲ.

ತೊಂಬತ್ತರ ದಶಕ, ಫಿಲಂ ರೋಲಿನ ಕಾಲ. ಶ್ರೀರಂಗಪಟ್ಟಣದ ನಾನು, ಕೆ.ಆರ್. ಪೇಟೆಯ ಡ್ರಾಯಿಂಗ್ ಮೇಷ್ಟ್ರು, ನಾಗಮಂಗಲದ ಗಡಿಯಾರ ರಿಪೇರಿಯವರು, ನಮ್ಮ ಮೂವರಿಗೆ ಮೂರು ಕ್ಯಾಮೆರಾ. ಮೂರಕ್ಕೂ ಸೇರಿ ಮಾವನ ಲೆನ್ಸು ಒಂದೇ. ಕೇಳಿದವರಿಗೆ ಇಲ್ಲವೆನ್ನುತ್ತಿರಲಿಲ್ಲ. ಆದರೆ ಲೆನ್ಸು ಒಂಟಿಯಾಗಿ ಎಲ್ಲಿಗೂ ಹೋಗಕೂಡದು, ಮಾವ ಜೊತೆಗೆ ಬರಲೇಬೇಕು!

ಒಮ್ಮೆ ಅದನ್ನು ಉಣ್ಣೆ ಸ್ವೆಟರಿನಲ್ಲಿ ಸುತ್ತಿ, ತುದಿಗೊಂದು ಕುಲಾವಿ ತೊಡಿಸಿ, ಎದೆಗವಚಿಕೊಂಡು ಕೆ.ಆರ್. ಪೇಟೆ ಬಸ್ಸು ಹತ್ತಿದ. ಚಿನಕುರಳಿ ದಾಟುವಾಗ ಕಂಡಕ್ಟರ್ ಬಂದು, "ಮಗೀಗೆ ವಯಸ್ಸೆಷ್ಟು?" ಎಂದು ಕೇಳಿದ. ಮಾವ ಸುಳ್ಳು ಹೇಳುವವನಲ್ಲ. "ಎಂಟು ತುಂಬ್ತು" ಎಂದ. ಎಂಟು ತುಂಬಿದ ಮಗು ಮೊಳದುದ್ದ! ಕಂಡಕ್ಟರ್ ಮರುಗಿ ಅರ್ಧ ಟಿಕೆಟ್ ಹರಿದ. ಪಕ್ಕದ ಹೆಂಗಸು, "ಮೊಕ ತೋರ್ಸಣ್ಣ, ನೋಡವಾ" ಅಂದಳಂತೆ. "ಬ್ಯಾಡಿ ಕಣಕ್ಕ, ಧೂಳು ಬಡುದ್ರೆ ಬೂಸ್ಟು ಇಡೀತದೆ" ಅಂದನಂತೆ ಮಾವ. ಆಕೆ ಸೀಟು ಬದಲಾಯಿಸಿದಳು.

ತಿಂಗಳ ಮೊದಲ ಭಾನುವಾರ ಮಾವನ ಮನೆಯ ಜಗಲಿಯಲ್ಲಿ ನಮ್ಮ ಸಭೆ. ಮೆಚ್ಚಿನ ಫೋಟೋಗಳನ್ನು ಚಾಪೆಯ ಮೇಲೆ ಹರಡುತ್ತಿದ್ದೆವು. ತನ್ನ ಲೆನ್ಸಿನಲ್ಲಿ ತೆಗೆದದ್ದಾದರೆ ಮಾವ ಅರ್ಧ ಪಾಲು ಕೇಳುತ್ತಿದ್ದ. "ಕಣ್ಣು ನಂದು ಕಣ್ಲಾ, ಗುಂಡಿ ಒತ್ತಿದ್ ಬೆಳ್ಳು ಮಾತ್ರ ನಿಂದು!" ಕೊನೆಯ ತೀರ್ಪು ಮಾತ್ರ ಅತ್ತೆಯದು. ಅವಳು ಬೆಳಗಿನಿಂದ ಸಂಜೆಯವರೆಗೆ ಜಗಲಿಯಲ್ಲೇ ಕೂತು, ಹಾದುಹೋಗುವವರನ್ನೆಲ್ಲ ಮಾತಾಡಿಸುವವಳು. ಮೇಷ್ಟ್ರು ಇಡೀ ದಿನ ಬಿಸಿಲಲ್ಲಿ ಕಾದು ತೆಗೆದ ಬೆಳ್ಳಕ್ಕಿಯನ್ನು ನೋಡಿ, "ಇದ್ಕಾ ಮೇಷ್ಟ್ರೇ ಅಷ್ಟ್ ದೂರ ಓಗಿದ್ದು? ನಮ್ ಗದ್ದೇಲಿ ಪುಕ್ಸಟ್ಟೆ ನಿಂತಿರ್ತವಲ್ಲ!" ಎಂದಿದ್ದಳು. ಮೇಷ್ಟ್ರು ಎರಡು ದಿನ ಕ್ಯಾಮೆರಾ ಮುಟ್ಟಲಿಲ್ಲ.

ಅಂಥ ಮೇಷ್ಟ್ರಿಗೆ ಒಂದು ಸಲ ಫೋಟೋ ಸ್ಪರ್ಧೆಯ ಹುಚ್ಚು ಹಿಡಿಯಿತು. ರಂಗನತಿಟ್ಟಿನಲ್ಲಿ ಕೊಕ್ಕರೆಗಳು ಮರಿ ಮಾಡಿದ್ದವು, ಗಡುವಿಗೆ ಒಂದೇ ವಾರ ಉಳಿದಿತ್ತು. ಲೆನ್ಸು ಬೇಕೆಂದು ಮಾವನಿಗೆ ಬರೆದರು. ಒಂದು ಸಾಲಿನ ಕಾರ್ಡು ಬಂತು: "ಲೆನ್ಸು ಕೆಲಸದಲ್ಲಿದೆ."

ಮೇಷ್ಟ್ರು ಕಾರ್ಡು ಹಿಡಿದು ನೇರ ನನ್ನ ಮನೆಗೇ ಬಂದರು. "ಕ್ಯಾಮೆರಾನೇ ಇಲ್ದೋನ ಲೆನ್ಸಿಗೆ ಅದೇನಪ್ಪಾ ಕೆಲ್ಸ? ಕೊಡಾಕಿಲ್ಲ ಅಂತ ನೇರ ಯೋಳ್ಬುಡ್ಲಿ! ಇವತ್ತಿಗೆ ಈ ಸ್ನೇಹ ಮುಗೀತು!"

ನನಗೂ ಅರ್ಥವಾಗಲಿಲ್ಲ. ಅತ್ತೆ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು ಮೂರು ವಾರದಿಂದ ಮಲಗಿದ್ದು ಗೊತ್ತಿತ್ತು. ಅದಕ್ಕೂ ಲೆನ್ಸಿಗೂ ಏನು ಸಂಬಂಧ? ಕೊಕ್ಕರೆಯ ಆಸೆಗೆ ಇಷ್ಟು ವರ್ಷದ ಗೆಳೆತನ ಹಾಳಾಗುತ್ತದಲ್ಲ ಎಂದು ಹೆದರಿ, ಅವರೊಂದಿಗೆ ಬಸ್ಸು ಹತ್ತಿದೆ.

ಹೋದರೆ ಅತ್ತೆಯ ಕೋಣೆ ಹಗಲಲ್ಲೇ ಕಗ್ಗತ್ತಲು. ಕಿಟಕಿಗೆ ಕಂಬಳಿ ಬಡಿದಿದ್ದ ಮಾವ. ಕಂಬಳಿಯ ನಡುವೆ ತೂತು, ತೂತಿನಲ್ಲಿ ಲೆನ್ಸು, ಲೆನ್ಸಿನ ಹಿಂದೆ ಮರದ ಚೌಕಟ್ಟಿಗೆ ಬಿಗಿದ ಬಟರ್ ಪೇಪರ್. ಆ ಕಾಗದದ ಮೇಲೆ, ಅಂಗೈಯಗಲದಲ್ಲಿ, ನಮ್ಮ ಮಾವನ ಬೀದಿ ಓಡಾಡುತ್ತಿತ್ತು! ಬಣ್ಣಬಣ್ಣವಾಗಿ, ಆದರೆ ಪೂರ್ತಿ ತಲೆಕೆಳಗಾಗಿ.

ಕಾಲಿಗೆ ತೂಕ ಕಟ್ಟಿಸಿಕೊಂಡು, ತಲೆ ಎತ್ತಲಾಗದೆ ಮಲಗಿದ್ದ ಅತ್ತೆ ಕಣ್ಣು ಕೀಳದೆ ಅದನ್ನೇ ನೋಡುತ್ತಿದ್ದಳು. "ನೋಡ್ಲಾ, ಮೂಲೆಮನೆಯೋಳು ನೀರ್ ಒತ್ಕಂಡ್ ಬತ್ತಾವ್ಳೆ. ಬಿಂದ್ಗೆ ತಲೆಕೆಳಗಾದ್ರೂ ಒಂದ್ ತೊಟ್ಟು ಚೆಲ್ಲಾಕಿಲ್ಲ!"

ಮಾವ ಮೇಷ್ಟ್ರ ಮುಖ ನೋಡಲಾರದೆ ನೆಲ ನೋಡಿದ. "ಮಲಗಿದ್ರೆ ಇವ್ಳಿಗೆ ಎದುರುಮನೆ ಸೂರು ಬುಟ್ರೆ ಏನೂ ಕಾಣ್ತಿರ್ನಿಲ್ಲ ಮೇಷ್ಟ್ರೇ. ಜಗಲಿ ಇಲ್ದೆ ಅನ್ನಾನೇ ಸೇರ್ತಿರ್ನಿಲ್ಲ. ಇದ ಮಡಗಿದ ಮ್ಯಾಕೆ ಒಂದ್ ಮುದ್ದೆ ಉಣ್ತಾವ್ಳೆ. ಆದ್ರೂ ನಗಾಕಿಲ್ಲ. ನೀವ್ ತಪ್ಪು ತಿಳ್ಕಬ್ಯಾಡಿ."

ಮೇಷ್ಟ್ರು ಕತ್ತು ವಾಲಿಸಿ ಆ ಪುಟ್ಟ ಬೀದಿಯನ್ನೇ ನೋಡಿದರು. "ಕೊಕ್ಕರೆ ಮುಂದಿನ್ ವರ್ಸಾನೂ ಬತ್ತವೆ ಬುಡಿ ಆಚಾರ್ರೇ" ಎಂದವರೇ ಹೊರಗೆ ನಡೆದರು. ಮಾವನೂ ಗಾಬರಿಯಾಗಿ ಹಿಂದೆ ಓಡಿದ. ನಾನು ಜಗಲಿಗೆ ಬಂದು ಇಣುಕಿದೆ.

ಐವತ್ತು ದಾಟಿದ ಮನುಷ್ಯ, ಪ್ಯಾಂಟು ಹಾಕಿದ ಮೇಷ್ಟ್ರು, ಬೀದಿಯ ಆ ತುದಿಯಲ್ಲಿ, ಲೆನ್ಸಿಗೆ ಎದುರಾಗಿ, ಟವೆಲ್ಲು ಹಾಸಿ ಶೀರ್ಷಾಸನ ಹಾಕಿಬಿಟ್ಟರು! ಜೇಬಿನಿಂದ ಸೀಮೆಸುಣ್ಣದ ತುಂಡುಗಳು ಉದುರಿದವು. ನಾಯಿ ಬೊಗಳಿತು. ಬೀಳುತ್ತಾರೇನೋ ಎಂದು ಮಾವ ಓಡಿಹೋಗಿ ಅವರ ಕಾಲು ಹಿಡಿದುಕೊಂಡ.

ಒಳಗೆ ಬಂದು ನೋಡಿದರೆ, ಕಾಗದದ ಮೇಲೆ, ತಲೆಕೆಳಗಾದ ಆ ಊರಿನಲ್ಲಿ ಒಬ್ಬನೇ ಒಬ್ಬ ಮನುಷ್ಯ ಸೀದಾ ನಿಂತಿದ್ದ.

ಅತ್ತೆ ನಕ್ಕಳು. ಮೂರು ವಾರದ ನಗುವನ್ನು ಒಟ್ಟಿಗೇ ನಕ್ಕಳು. ನನಗೋ ಅಳು ಬಂದುಬಿಟ್ಟಿತು.

"ಮೇಷ್ಟ್ರೊಬ್ರು ನೆಟ್ಟಗವ್ರೆ ಕಣ್ಲಾ! ಕಾಲಿಡ್ಕಂಡಿರೋ ನಿಮ್ಮಾವನ್ನ ನೋಡು, ಎಂಗ್ ನೇತಾಡ್ತಾವ್ರೆ!" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಪಾಪ, ಕತ್ತು ಉಳುಕ್ತದೆ. ಸಾಕು ಇಳೀರಿ ಅಂತ ಯೋಳೋಗ್ಲಾ."

ನಾನು ಬಾಗಿಲಿಗೆ ಹೋಗುವಷ್ಟರಲ್ಲಿ ಮತ್ತೆ ಕೂಗಿದಳು.

"ತಡಿಯೋ, ಇನ್ನೊಂದ್ ಗಳಿಗೆ ನೋಡ್ತೀನಿ."