ಕಾಟಾದ ಮುಂದೆ ಕಳೆದುಹೋದ 'ರಿ'

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ತಪ್ಪು ವೈರ್‌ಲೆಸ್ ಸೆಟ್ಟಿನದಲ್ಲ, ನನ್ನ ಹೆಬ್ಬೆರಳಿನದು.

ಈ ಹಂಗಾಮಿಗೆ ನಮ್ಮ ಮುದ್ದೇಬಿಹಾಳ ಕಡೆಯ ಕಬ್ಬಿನ ಟ್ರ್ಯಾಕ್ಟರ್‌ಗಳಿಗೆಲ್ಲ ಸಕ್ಕರೆ ಕಾರ್ಖಾನೆಯವರು ವೈರ್‌ಲೆಸ್ ಸೆಟ್ ಕೂಡಿಸಿದರು. ಎಲ್ಲರಿಗೂ ಸೇರಿ ಒಂದೇ ಚಾನೆಲ್. ಬಟನ್ ಒತ್ತಿ ಮಾತಾಡಬೇಕು, ಬಿಟ್ಟು ಕೇಳಬೇಕು. ಇಷ್ಟೇ! ಊರ ಹೋತದಿಂದ ಹೆಡ್‌ಮಾಸ್ತರರವರೆಗೆ ಎಲ್ಲರ ದನಿ ಅಣಕಿಸಿ ತೆಗೆಯುವ ನನಗೆ ಇದ್ಯಾವ ದೊಡ್ಡ ವಿದ್ಯೆ?

ದೊಡ್ಡದು ಬೇರೆಯೇ ಇತ್ತು. ಕಬ್ಬು ತೂಗುವ ಕಾಟಾದಲ್ಲಿ ಕೂಡುವವರು ಮಸೂತಿ ಊರಿನ ಗುರಪ್ಪ ಕಾಕಾ. ಬರುವ ಸೋಮವಾರ ನಾನು ನೋಡಲು ಹೋಗಬೇಕಿದ್ದ ಹುಡುಗಿ ಅವರ ಮಗಳು! ಹೀಗಾಗಿ ಕಾಟಾದ ಮುಂದಿನ ಸಾಲಿನಲ್ಲಿ ನನ್ನ ಟ್ರ್ಯಾಕ್ಟರ್ ನಿಲ್ಲಿಸಿ, ಮಾತು ಮಾತಿಗೂ 'ರಿ' ಹಚ್ಚಿ, ಮೇಲೆ ಬೆಣ್ಣೆ ಹಚ್ಚಿ ಶುರು ಮಾಡಿದೆ.

"ಕಾಕಾ, ಊಟ ಆತೇನ್ರಿ?"

ಬಟನ್ ಬಿಟ್ಟು ಕಿವಿಗೊಟ್ಟೆ, ಮತ್ತೆ ಒತ್ತಿದೆ.

"ಕಾಕಾ, ಸ್ವಲ್ಪ ಗೇಟ್ ತೆಗೀರಿ."

"ಯಾವಾಂವಲೇ ಅಂವಾ?" ಎಂದಿತು ಸೆಟ್, ಕಾಕಾನ ಮೂಗಿನ ದನಿಯಲ್ಲಿ, ಖೊಕ್ ಖೊಕ್ ಕೆಮ್ಮುತ್ತ.

"ನಾ ಸಂಗಪ್ಪ! ಸಿಟ್ಟಾಗಬ್ಯಾಡ್ರಿ!"

ಹಿಂದಿನ ಟ್ರ್ಯಾಕ್ಟರಿನಿಂದ ಗೆಳೆಯ ರಫೀಕ್ ಓಡಿ ಬಂದ.

"ಲೇ ಹುಚ್ಚಾ, ಮಾತ ಮುಗಿಯೂಕಿಂತ ಮೊದ್ಲ ಬಟನ್ ಬಿಡಾಕತ್ತೀ! ನಿನ್ನ 'ರಿ' ಯಾರಿಗೂ ಮುಟ್ಟವಲ್ದು. 'ಊಟ ಆತೇನ', 'ಗೇಟ್ ತೆಗಿ', 'ಸಿಟ್ಟಾಗಬ್ಯಾಡ'... ಮಾವ ಆಗಾಂವಗ ಏಕವಚನ ಏನಲೇ?"

ಮರ್ಯಾದೆಯನ್ನೆಲ್ಲ ಬಾಲದಲ್ಲಿ ಇಟ್ಟುಕೊಂಡ ಭಾಷೆ ನಮ್ಮದು. ನಾನು ಬಾಲವನ್ನೇ ಕತ್ತರಿಸಿದ್ದೆ!

ಇನ್ನು ಒಂದು 'ರಿ'ಯೂ ಕೆಳಗೆ ಬೀಳಬಾರದೆಂದು ಬಟನ್ನಿಗೆ ರಬ್ಬರ್ ಬ್ಯಾಂಡ್ ಬಿಗಿದೆ. "ಕಾಕಾ, ಶರಣ್ರೀ!" ಎಂದೆ. ಉತ್ತರವಿಲ್ಲ. ಬಟನ್ ಬಿಟ್ಟರೆ ತಾನೇ ಉತ್ತರ ಕೇಳುವುದು! ನನ್ನ ತಲೆಗೆ ಅದು ಹೊಳೆಯಲಿಲ್ಲ. ಸಾಲೂ ಮುಂದೆ ಸರಿಯಲೊಲ್ಲದು. ಕುಂತು ಕುಂತು ಬೇಸರವಾಗಿ, ಸೋಮವಾರದ ತಾಲೀಮು ನಡೆಸಿದೆ.

ಮೊದಲು ಕಾಕಾನ ಮೂಗಿನ ದನಿ: "ಅಳಿಯಂದ್ರ... ಖೊಕ್ ಖೊಕ್... ಉಪ್ಪಿಟ್ಟು ತಗೋರಿ."

ಆಮೇಲೆ ನನ್ನ ದನಿ: "ಉಪ್ಪಿಟ್ಟು ಇರ್ಲಿ ಮಾವಾರ, ಹುಡುಗೀನ ಕರೀರಿ. ಆಕೀಗೂ ನಿಮ್ಮ ಮೂಗ ಬಂದೈತೇನ್ರಿ?"

ಒಂದೊಂದು 'ರಿ'ಯೂ ಗಂಟೆ ಬಾರಿಸಿದಷ್ಟು ಸ್ಪಷ್ಟ. ಸಾಲಿನಲ್ಲಿದ್ದ ಅಷ್ಟೂ ಟ್ರ್ಯಾಕ್ಟರ್ ಕೇಳಿದವು. ಕಾಟಾವೂ ಕೇಳಿತು!

ರಫೀಕ್ ಮತ್ತೆ ಓಡಿ ಬಂದ. ರಬ್ಬರ್ ಬ್ಯಾಂಡ್ ಕಿತ್ತ. ಕಿತ್ತದ್ದೇ ತಡ, ಸೆಟ್ ಕೆಮ್ಮಿತು. ಖೊಕ್ ಖೊಕ್. ಅಸಲಿ ಕೆಮ್ಮು.

"ಬಟನ್ ಹಿಡಿಯೂದೂ ಗೊತ್ತಿಲ್ಲ, ಬಿಡೂದೂ ಗೊತ್ತಿಲ್ಲ. ನಿಮ್ಮಂಥಾವ್ರ ಕೈಯಾಗ ನನ್ನ ಮಗಳ ಕೈ ಹೆಂಗ ಕೊಡ್ಲಿ, ನೀವ ಹೇಳ್ರೀ!"